ಎಚ್‌ಪಿ, ಕಿಲೋವ್ಯಾಟ್, ಯೂನಿಟ್, ಟನ್: ನೀವು ಲೆಕ್ಕ ಹೇಗೆ ಮಾಡುತ್ತೀರಿ?

ಪ್ರಶ್ನೆ: ಪಂಪಿನ ಮೇಲೆ ಎಚ್‌ಪಿ, ಮೀಟರಿನಲ್ಲಿ ಯೂನಿಟ್, ಎಸಿಗೆ ಟನ್, ಪವರ್ ಬ್ಯಾಂಕಿಗೆ ಎಂಎಎಚ್ (ಮಿಲಿಆಂಪಿಯರ್ ಅವರ್). ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಗುಣಿಸಬೇಕೋ ಭಾಗಿಸಬೇಕೋ ಅಂತ ಪ್ರತಿ ಸಲ ತಡವರಿಸುತ್ತೇನೆ. ನಿಮ್ಮ ಅನುಭವ ಹೇಳಿ.

ಉತ್ತರ 1: ನನ್ನದು ಮೋಟಾರ್ ರಿಪೇರಿ ಕೆಲಸ. 1 ಎಚ್‌ಪಿ ಅಂದರೆ 746 ವ್ಯಾಟ್, ಇದು ಬಾಯಿಪಾಠ. ಎಡವುವುದು ಅಲ್ಲಲ್ಲ. 5 ಎಚ್‌ಪಿ ಮೋಟಾರ್ 3,730 ವ್ಯಾಟ್ ಕೊಡುತ್ತದೆ, ನಿಜ. ಆದರೆ ಅದು ಶಾಫ್ಟಿನಲ್ಲಿ ಸಿಗುವುದು, ಲೈನಿನಿಂದ ಎಳೆಯುವುದು ಅದಕ್ಕಿಂತ ಜಾಸ್ತಿ. ದಕ್ಷತೆ ಶೇ. 85 ಇದ್ದರೆ 3,730ನ್ನು 0.85ರಿಂದ ಭಾಗಿಸಿ, ಸುಮಾರು 4,390 ವ್ಯಾಟ್ ಬರುತ್ತದೆ. ಫುಲ್ ಲೋಡಿನಲ್ಲಿ 2 ಗಂಟೆ ಓಡಿದರೆ 8.8 ಯೂನಿಟ್ (1 ಯೂನಿಟ್ ಅಂದರೆ 1 ಕಿಲೋವ್ಯಾಟ್ 1 ಗಂಟೆ). ಸುಮ್ನೆ 746ರಿಂದ ಗುಣಿಸಿ ಬಿಟ್ಟರೆ 7.5 ಯೂನಿಟ್ ಅಷ್ಟೇ ಸಿಗುತ್ತದೆ. ಶುರುವಿನಲ್ಲಿ ನಾನು ದಕ್ಷತೆಯನ್ನೂ ಪವರ್ ಫ್ಯಾಕ್ಟರನ್ನೂ (ಎಳೆಯುವ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಬಿಟ್ಟು ಲೆಕ್ಕ ಹಾಕಿ ಕೇಬಲ್ ಎಳೆದಿದ್ದೆ. ಅರ್ಧ ಗಂಟೆ ಬಿಟ್ಟು ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ. ಪೂರ್ತಿ ಬಿಚ್ಚಿ ದಪ್ಪ ಕೇಬಲ್ ಹಾಕಿದೆ. ಇನ್ನೊಂದು ಮಾತು, ಪ್ಲೇಟಿನ ಮೇಲೆ ಪಿಎಸ್ ಅಂತ ಇದ್ದರೆ ಅದು ಮೆಟ್ರಿಕ್ ಎಚ್‌ಪಿ, 735.5 ವ್ಯಾಟ್.

ಉತ್ತರ 2: ವಿಜ್ಞಾನ ಪಾಠ ಮಾಡುತ್ತೇನೆ. ಮಾತಿನಲ್ಲಿ ನಾವು ಎಲ್ಲದಕ್ಕೂ ಶಕ್ತಿ ಅಂದುಬಿಡುತ್ತೇವೆ. ಪಠ್ಯದಲ್ಲಿ ಎನರ್ಜಿಗೆ ಶಕ್ತಿ, ಪವರ್‌ಗೆ ಸಾಮರ್ಥ್ಯ. ಕಿಲೋವ್ಯಾಟ್ ಸಾಮರ್ಥ್ಯ, ಯೂನಿಟ್ ಶಕ್ತಿ. ಇದರಿಂದ ಅದಕ್ಕೆ ಹೋಗಲು ನಡುವೆ ಗಂಟೆ ಬರಲೇಬೇಕು. ಗಂಟೆ ಇಲ್ಲದೆ ಯಾರಾದರೂ ಬದಲಿಸಿ ಕೊಟ್ಟರೆ ನಂಬಬೇಡಿ.

ಮಕ್ಕಳಿಗೆ ಗೀಸರ್ ಲೆಕ್ಕ ಕೊಡುತ್ತೇನೆ. 15 ಲೀಟರ್ ನೀರು 25 ಡಿಗ್ರಿಯಿಂದ 55ಕ್ಕೆ ಏರಬೇಕು. ಒಂದು ಲೀಟರನ್ನು ಒಂದು ಡಿಗ್ರಿ ಏರಿಸಲು 1 ಕಿಲೋಕ್ಯಾಲರಿ, ಹಾಗಾಗಿ 15 × 30 = 450. ಒಂದು ಯೂನಿಟ್ ಅಂದರೆ 860 ಕಿಲೋಕ್ಯಾಲರಿ, ಭಾಗಿಸಿದರೆ 0.52 ಯೂನಿಟ್. 2 ಕಿಲೋವ್ಯಾಟ್ ಗೀಸರ್ ಆದರೆ ಸುಮಾರು 16 ನಿಮಿಷ. ಮನೆಯಲ್ಲಿ ಗಡಿಯಾರ ಹಿಡಿದು ನೋಡಿ ಅನ್ನುತ್ತೇನೆ. ಸ್ವಲ್ಪ ಜಾಸ್ತಿಯೇ ಹಿಡಿಯುತ್ತದೆ, ಯಾಕೆಂದರೆ ಟ್ಯಾಂಕೂ ಬಿಸಿಯಾಗಬೇಕು ಅಲ್ವಾ? ಪ್ರತಿ ಅಂಕಿಯ ಪಕ್ಕ ಅದರ ಅಳತೆಯ ಮಾನ (ಲೀಟರ್, ಗಂಟೆ, ವ್ಯಾಟ್ ಹೀಗೆ) ಬರೆದು, ಮೇಲೆ ಕೆಳಗೆ ಒಂದೇ ಇದ್ದರೆ ಹೊಡೆದುಹಾಕಿ. ಕೊನೆಗೆ ಬೇಕಾದ ಮಾನ ಉಳಿಯದಿದ್ದರೆ ಗುಣಿಸುವ ಕಡೆ ಭಾಗಿಸಿದ್ದೀರಿ, ಇಲ್ಲವೇ ಭಾಗಿಸುವ ಕಡೆ ಗುಣಿಸಿದ್ದೀರಿ.

ಉತ್ತರ 3: ಎಸಿ ಟನ್ ಬಗ್ಗೆ. 1 ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಒಂದು ಬ್ರಿಟಿಷ್ ಅಳತೆ), ಸುಮಾರು 3.5 ಕಿಲೋವ್ಯಾಟ್. ಸುಮಾರು 907 ಕಿಲೋ ಐಸ್ 24 ಗಂಟೆಯಲ್ಲಿ ಕರಗುವಾಗ ಎಳೆದುಕೊಳ್ಳುವ ಶಾಖದಿಂದ ಬಂದ ಅಳತೆ ಅದು. ಹಾಗಂತ ಒಂದೂವರೆ ಟನ್ ಎಸಿ 5.3 ಕಿಲೋವ್ಯಾಟ್ ಕರೆಂಟ್ ತಿನ್ನುವುದಿಲ್ಲ. ಅಷ್ಟು ಶಾಖವನ್ನು ಹೊರಗೆ ಸಾಗಿಸುತ್ತದೆ, ಸಾಗಿಸಲು ಅದಕ್ಕಿಂತ ತುಂಬ ಕಡಿಮೆ ಸಾಕು. ಪ್ಲೇಟಿನಲ್ಲಿ ಇನ್‌ಪುಟ್ ವ್ಯಾಟ್ ಬೇರೆಯಾಗಿ ಬರೆದಿರುತ್ತದೆ. ಯೂನಿಟ್ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ಉತ್ತರ 4: ಪವರ್ ಬ್ಯಾಂಕಿಗೆ ವೋಲ್ಟ್ ಸೇರಿಸದೆ ಏನೂ ಹೇಳಲಾಗದು. 20,000 ಎಂಎಎಚ್ ಅನ್ನುವುದು ಒಳಗಿನ ಸೆಲ್ಲಿನ 3.7 ವೋಲ್ಟಿಗೆ, ಅಂದರೆ 74 ವ್ಯಾಟ್‌ಅವರ್. 5 ವೋಲ್ಟಿನಲ್ಲಿ ಅದೇ 14,800 ಎಂಎಎಚ್ ಆಗುತ್ತದೆ, ನಷ್ಟ ಕಳೆದರೆ ಇನ್ನೂ ಕಡಿಮೆ.

ಉತ್ತರ 5: ತಾಪಮಾನವನ್ನೂ ಸೇರಿಸಿಕೊಳ್ಳಿ. ಥರ್ಮಾಮೀಟರ್ 10 ಸೆಲ್ಸಿಯಸ್ ತೋರಿಸಿದರೆ 50 ಫ್ಯಾರನ್‌ಹೀಟ್. ಆದರೆ ತಾಪ 10 ಸೆಲ್ಸಿಯಸ್ ಏರಿತು ಅಂದರೆ 18 ಫ್ಯಾರನ್‌ಹೀಟ್ ಏರಿತು ಅಷ್ಟೇ. ವ್ಯತ್ಯಾಸಕ್ಕೆ 32 ಕೂಡಿಸಬೇಡಿ.