ಹೊಗೆಗಿಂತ ಮೊದಲು ಮನೆಮನೆ ಸುತ್ತು: ಕ್ಲಬ್‌ನವರ ಹತ್ತಿರ ಏನು ಕೇಳೋಣ?

ಸಂಘದ ಕಾರ್ಯದರ್ಶಿ
ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ರೋಟರಿ ಕ್ಲಬ್‌ನ ಇಬ್ಬರು ನಮ್ಮ ಹನುಮಾನ ಗುಡಿ ಕಟ್ಟೆಗೆ ಬಂದಿದ್ದರು. ಮೂರನೇ ಅಡ್ಡರಸ್ತೆಯಲ್ಲಿ ಮಕ್ಕಳಿಗೆ ಡೆಂಗಿ ಆದದ್ದು ಅವರಿಗೂ ಗೊತ್ತಾಗಿದೆ. ಮಳೆ ಹಿಡಿಯುವ ಮೊದಲೇ ಈ ಬಡಾವಣೆಗೆ ಏನಾದರೂ ಮಾಡಬೇಕು ಅಂತ ಅವರ ಸಭೆಯಲ್ಲಿ ಮಾತಾಗಿದೆ. ಫಾಗಿಂಗ್ ಯಂತ್ರ ಬಾಡಿಗೆಗೆ ತಂದು ಒಂದು ದಿನ ಎಲ್ಲ ರಸ್ತೆಗೂ ಹೊಗೆ ಹೊಡೆಸುವುದು, ಇಲ್ಲವೇ ಒಂದು ಆರೋಗ್ಯ ಶಿಬಿರ. ಯಾವುದು ಬೇಕು ನೀವೇ ಹೇಳಿ ಅಂದರು. ಇಷ್ಟು ಕಾಳಜಿ ತೋರಿಸಿ ಬಂದವರಿಗೆ ಮೊದಲು ನಮ್ಮೆಲ್ಲರ ಪರವಾಗಿ ಧನ್ಯವಾದ ಹೇಳಿದ್ದೇನೆ.

ನನ್ನ ಮನಸ್ಸಿನಲ್ಲಿರುವುದು ಈ ಎರಡೂ ಅಲ್ಲ. ಕ್ಲಬ್‌ನಿಂದ ನಮಗೆ ಬೇಕಾದದ್ದು ಜನ. ನಮ್ಮ ಜೊತೆ ಪ್ರತಿ ವಾರ ಮನೆಮನೆಗೆ ಬಂದು ನೀರಿನ ಟಾಕಿ, ಡ್ರಮ್ಮು, ಕೂಲರ್ ನೋಡುವ ಜನ. ಅದೂ ಒಂದು ದಿನಕ್ಕಲ್ಲ, ಮಳೆಗಾಲ ಮುಗಿಯುವ ತನಕ.

ಯಾಕೆ ಅಂದರೆ ಕಲಬುರಗಿಯ ನಮ್ಮ ಕಡೆ ನಳ ಬರುವುದು ನಾಲ್ಕೈದು ದಿನಕ್ಕೊಮ್ಮೆ. ಬೆಣ್ಣೆತೊರೆ ಜಲಾಶಯದಲ್ಲಿ ನೀರಿದ್ದರೂ, ಭೀಮಾ ನದಿ ತುಂಬಿ ಹರಿದರೂ ನಮ್ಮ ಮನೆಗೆ ಬರುವ ಲೆಕ್ಕ ಅಷ್ಟೇ. ಹೀಗಾಗಿ ಪ್ರತಿ ಮನೆಯಲ್ಲೂ ನೀರು ತುಂಬಿ ಇಡಲೇಬೇಕು. ಡೆಂಗಿ ಸೊಳ್ಳೆ ಹುಟ್ಟುವುದು ಇದೇ ನೀರಿನಲ್ಲಿ. ಬೀದಿಯಲ್ಲಿ ಹೊಗೆ ಬಿಟ್ಟರೆ ಬಚ್ಚಲಲ್ಲಿರುವ ಡ್ರಮ್ಮಿಗೆ ಏನಾಗುತ್ತದೆ? ನಿಮ್ಮ ಅಭಿಪ್ರಾಯ ತಿಳಿಸಿ. ನಾಳೆ ಅವರಿಗೆ ಉತ್ತರ ಕೊಡಬೇಕು.

ಕಿರಾಣಿ ಅಂಗಡಿ, ಮುಖ್ಯರಸ್ತೆ
ಸರ್, ಬಿಟ್ಟಿ ಬರುವ ಫಾಗಿಂಗ್ ಬೇಡ ಅನ್ನಬೇಡಿ. ನಮ್ಮ ಅಂಗಡಿ ಮುಂದೆಯೇ ತೆರೆದ ಚರಂಡಿ ಇದೆ. ಸಂಜೆ ಆದರೆ ಗುಂಗಾಡು ಮುತ್ತುತ್ತವೆ, ಗಿರಾಕಿಗಳು ನಿಲ್ಲುವುದಿಲ್ಲ. ಮೊದಲು ಅದಕ್ಕೆ ಹೊಗೆ ಹೊಡೆಸಿ. ಸಮಸ್ಯೆ ಇರುವುದೇ ಚರಂಡಿಯಲ್ಲಿ.

ನಿವೃತ್ತ ಆರೋಗ್ಯ ನಿರೀಕ್ಷಕರು, 1ನೇ ಅಡ್ಡರಸ್ತೆ
ತಮ್ಮಾ, ನೀನು ಹೇಳುವ ಸೊಳ್ಳೆ ಬೇರೆ, ಡೆಂಗಿ ಸೊಳ್ಳೆ ಬೇರೆ. ಸಂಜೆ, ರಾತ್ರಿ ಕಚ್ಚುವ ಚರಂಡಿ ಸೊಳ್ಳೆ ಕ್ಯೂಲೆಕ್ಸ್. ಅದು ಆನೆಕಾಲು ರೋಗ ಹರಡುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗದ ಜಿಲ್ಲೆಗಳೇ. ಹಾಗಾಗಿ ಚರಂಡಿ ಬಗ್ಗೆ ಪಾಲಿಕೆಗೆ ಅರ್ಜಿ ಕೊಡುವುದನ್ನು ನಾನೂ ಒಪ್ಪುತ್ತೇನೆ, ಸಹಿ ಹಾಕುತ್ತೇನೆ.

ಆದರೆ ಡೆಂಗಿ ತರುವುದು ಈಡಿಸ್. ಮೈಮೇಲೆ ಬಿಳಿ ಪಟ್ಟೆ ಇರುತ್ತದೆ. ಹಗಲು ಕಚ್ಚುತ್ತದೆ. ಬೆಳಿಗ್ಗೆ ಮತ್ತು ಸೂರ್ಯ ಮುಳುಗುವ ಮುಂಚೆ ಜಾಸ್ತಿ. ಅದಕ್ಕೆ ಕೊಳಚೆ ಬೇಡ, ನಾವು ಕುಡಿಯಲು ಇಟ್ಟಂಥ ತಿಳಿ ನೀರೇ ಬೇಕು. ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ ಅನ್ನುವುದು ಇದೇ ಕಾರಣಕ್ಕೆ.

ಇನ್ನೊಂದು ಮಾತನ್ನು ಜನ ಗಮನಿಸುವುದಿಲ್ಲ. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿಸಿ ಇಡುತ್ತದೆ. ನೀರು ಚೆಲ್ಲಿದರೂ ಮೊಟ್ಟೆ ಅಲ್ಲೇ ಇರುತ್ತದೆ. ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ಮತ್ತೆ ನೀರು ತಾಗಿದಾಗ ಮರಿ ಹೊರಗೆ ಬರುತ್ತದೆ. ಆದ್ದರಿಂದ ಬರೀ ಚೆಲ್ಲಿದರೆ ಆಗಲಿಲ್ಲ. ಬ್ರಷ್ಷಿನಿಂದ ಗಸಗಸ ತಿಕ್ಕಬೇಕು.

ಹೊಗೆಯಿಂದ ಸಾಯುವುದು ಆ ಹೊತ್ತಿಗೆ ಹಾರಾಡುತ್ತಿರುವ ದೊಡ್ಡ ಸೊಳ್ಳೆ ಮಾತ್ರ. ಈಡಿಸ್ ಕೂರುವುದು ಮನೆಯೊಳಗೆ, ಮಂಚದ ಕೆಳಗೆ, ಗೂಟಕ್ಕೆ ಹಾಕಿದ ಬಟ್ಟೆಯ ಹಿಂದೆ. ಯಂತ್ರದ ಸದ್ದು ಕೇಳಿದ ಕೂಡಲೇ ನಾವು ಬಾಗಿಲು ಕಿಟಕಿ ಮುಚ್ಚುತ್ತೇವೆ, ಅಲ್ವಾ? ಡೆಂಗಿ ಖಚಿತವಾದ ಮನೆಯ ಒಳಗೂ ಸುತ್ತಲೂ ಹೊಗೆ ಹೊಡೆಯುವುದು ಬೇರೆ, ಅದನ್ನು ಆರೋಗ್ಯ ಇಲಾಖೆಯಿಂದ ಮಾಡಿಸೋಣ. ಕ್ಲಬ್‌ನವರ ದುಡ್ಡನ್ನು ಅದಕ್ಕೆ ಹಾಕುವುದು ಬೇಡ.

2ನೇ ಅಡ್ಡರಸ್ತೆ, ಹೊಲಿಗೆ ಕೆಲಸದ ಅಕ್ಕ
ಕಾಕಾರಿಗೆ ನಮಸ್ಕಾರ. ನೀವು ಹೇಳುವುದು ಸರಿ, ಆದರೆ ವಾರಕ್ಕೊಮ್ಮೆ ಖಾಲಿ ಮಾಡಿ ಅಂದರೆ ನಮ್ಮಂಥವರಿಗೆ ಸಂಕಟ ಆಗುತ್ತದೆ. ನಮಗೆ ನೆಲದ ಟಾಕಿ ಇಲ್ಲ, ಇರುವುದು ಮೂರು ಡ್ರಮ್ಮು. ಬೇಸಿಗೆಯಲ್ಲಿ ಒಂದು ಕೊಡಕ್ಕಾಗಿ ಎಷ್ಟು ದೂರ ಹೋಗಿದ್ದೇವೆ. ತುಂಬಿದ ನೀರನ್ನು ಚೆಲ್ಲು ಅಂತ ಬಾಗಿಲಿಗೆ ಬಂದು ಯಾರಾದರೂ ಹೇಳಿದರೆ ನಮ್ಮ ರಸ್ತೆಯ ಹೆಣ್ಣುಮಕ್ಕಳು ಸುಮ್ನೆ ಬಾಗಿಲು ಹಾಕಿಕೊಳ್ಳುತ್ತಾರೆ. ಚೆಲ್ಲದೇ ಮಾಡುವ ದಾರಿ ಇದ್ದರೆ ಹೇಳಿ, ನಾನೇ ಮುಂದೆ ನಿಂತು ಮಾಡಿಸುತ್ತೇನೆ.

ನಿವೃತ್ತ ಆರೋಗ್ಯ ನಿರೀಕ್ಷಕರು, 1ನೇ ಅಡ್ಡರಸ್ತೆ
ತಂಗಿ, ಒಳ್ಳೆಯ ಪ್ರಶ್ನೆ ಕೇಳಿದೆ. ನೀರು ಚೆಲ್ಲುವುದು ಬೇಡ. ನಳ ಬರುವ ಹಿಂದಿನ ದಿನ ಡ್ರಮ್ಮು ಹೆಂಗೂ ತಳ ಮುಟ್ಟಿರುತ್ತದೆ. ಆಗ ತಿಕ್ಕಿ ತೊಳೆದು ಬೋರಲು ಹಾಕಿ. ಒಂದು ಸಲಕ್ಕೆ ಒಂದೇ ಡ್ರಮ್ಮು. ತುಂಬಿದ ಕೂಡಲೇ ಬಾಯಿಗೆ ಬಟ್ಟೆ ಕಟ್ಟಿ. ಒಂದು ಬೆರಳು ಸಂದು ಬಿಟ್ಟರೂ ಸೊಳ್ಳೆ ನುಗ್ಗುತ್ತದೆ. ಮೇಲೆ ಸುಮ್ಮನೆ ತಗಡು ಇಟ್ಟರೆ ಆಗುವುದಿಲ್ಲ.

ತೊಳೆಯಲು ಆಗದ ದೊಡ್ಡ ಟಾಕಿಗೆ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನು ಬಿಡಬಹುದು. ಮರಿಗಳನ್ನು ತಿಂದುಹಾಕುತ್ತವೆ. ಆರೋಗ್ಯ ಇಲಾಖೆಯಲ್ಲಿ ಕೇಳೋಣ. ಆದರೆ ಆ ಮೀನನ್ನು ಅಪ್ಪನ ಕೆರೆಯಂಥ ಕೆರೆಗೆ ಯಾರೂ ಬಿಡಬೇಡಿ, ಊರ ಮೀನುಗಳಿಗೆ ಕೇಡು. ಬಳಕೆ ನೀರಿಗೆ ಹಾಕುವ, ಸೊಳ್ಳೆ ಮರಿ ಸಾಯಿಸುವ ಟೆಮಿಫಾಸ್ ಔಷಧವೂ ಇದೆ. ಅದನ್ನು ಆರೋಗ್ಯ ಸಿಬ್ಬಂದಿಯೇ ಅಳತೆ ನೋಡಿ ಹಾಕಬೇಕು, ನಾವು ತಂದು ಸುರಿಯಬಾರದು.

ಕೂಲರ್ ಮರೆಯಬೇಡಿ. ಮಳೆ ಬಂದ ಕೂಡಲೇ ಕೂಲರ್ ಬಂದ್ ಮಾಡಿ ಮೂಲೆಗೆ ತಳ್ಳುತ್ತೇವೆ, ತಳದಲ್ಲಿ ನೀರು ಹಾಗೇ ಉಳಿಯುತ್ತದೆ. ನಮ್ಮ ಕಲಬುರಗಿಯಲ್ಲಿ ಕೂಲರ್ ಇಲ್ಲದ ಮನೆ ಎಷ್ಟಿವೆ ಹೇಳಿ! ನೀರು ತೆಗೆದು, ಒಳಗಿನ ಹುಲ್ಲನ್ನೂ ಬಿಸಿಲಿಗೆ ಒಣಗಿಸಿ ಇಡಿ. ಫ್ರಿಜ್ ಹಿಂದಿನ ತಟ್ಟೆ, ಕುಂಡದ ಕೆಳಗಿನ ತಟ್ಟೆ, ಮಾಳಿಗೆ ಮೇಲೆ ಎಸೆದ ಟೈರ್ ಕೂಡ ನೋಡಿ.

4ನೇ ಅಡ್ಡರಸ್ತೆ ನಿವಾಸಿ
ನಾವು ಮನೆ ಎಷ್ಟು ಸ್ವಚ್ಛ ಇಟ್ಟರೇನು? ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತದೆ. ಅದರಾಚೆ ಅರ್ಧ ಕಟ್ಟಿದ ಮನೆ. ಸಿಮೆಂಟಿಗೆ ನೀರು ಹಾಕುವ ಕ್ಯೂರಿಂಗ್‌ಗೆ ಕಟ್ಟಿದ ಟಾಕಿ ಹಾಗೇ ಬಿಟ್ಟಿದ್ದಾರೆ. ಮಾಲೀಕರು ಇರುವುದು ಹೈದರಾಬಾದಿನಲ್ಲಿ, ಫೋನ್ ಎತ್ತುವುದಿಲ್ಲ.

ಸಂಘದ ಕಾರ್ಯದರ್ಶಿ
ಇದಕ್ಕೆ ಕಾನೂನು ಇದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿ ದಂಡ ನಿಗದಿ ಮಾಡಿತು. ನಗರದಲ್ಲಿ ಸೊಳ್ಳೆ ಹುಟ್ಟಲು ಬಿಟ್ಟ ಮನೆಗೆ 400 ರೂಪಾಯಿ, ಖಾಲಿ ಸೈಟು ಮತ್ತು ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2000. ಫೋಟೊ ತೆಗೆದು ಕಳಿಸಿ. ಮೊದಲು ಮಾಲೀಕರಿಗೆ ಸಂಘದ ಪತ್ರ ಹೋಗುತ್ತದೆ. ನಂತರ ಪಾಲಿಕೆಗೆ ಅರ್ಜಿ. ಬಡವರ ಡ್ರಮ್ಮಿಗೆ ದಂಡ ಹಾಕಿಸಲು ನಾವು ಹೊರಟಿಲ್ಲ, ಇದನ್ನು ಎಲ್ಲರೂ ಗಮನದಲ್ಲಿಡಿ.

ಕ್ಲಬ್ ಸದಸ್ಯರು, 2ನೇ ಅಡ್ಡರಸ್ತೆ
ನಾನು ಇದೇ ಬಡಾವಣೆಯವನು, ಕ್ಲಬ್‌ನಲ್ಲೂ ಇದ್ದೇನೆ, ಹಾಗಾಗಿ ಎರಡೂ ಕಡೆಯಿಂದ ಹೇಳುತ್ತೇನೆ. ಮನೆಮನೆ ಸುತ್ತುವ ಮಾತು ನನಗೆ ತುಂಬಾ ಹಿಡಿಸಿತು. ರೋಟರಿ 1985ರಿಂದ ಪೋಲಿಯೊ ಕೆಲಸ ಹಿಡಿದುಕೊಂಡು ಬಂದಿದೆ. ನಮ್ಮ ದೇಶದಲ್ಲಿ 1995ರಲ್ಲಿ ಪಲ್ಸ್ ಪೋಲಿಯೊ ಶುರುವಾಯಿತು. ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ. 2014ರ ಮಾರ್ಚ್ 27ರಂದು ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಬೂತಿನಲ್ಲಿ ಕೂತರೆ ಇದು ಆಗುತ್ತಿರಲಿಲ್ಲ. ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಸ್ವಯಂಸೇವಕರು ಬೂತಿಗೆ ಬಾರದ ಮಗುವನ್ನು ಹುಡುಕಿ ಬಾಗಿಲ ತನಕ ಹೋದರು. ಗೋಡೆ ಮೇಲೆ ಸೀಮೆಸುಣ್ಣದ ಗುರುತು ಹಾಕಿ ಬಂದರು. ನಾವೂ ನೋಡಿದ ಮನೆಯ ಗೇಟಿನ ಮೇಲೆ ಹಾಗೇ ದಿನಾಂಕ ಬರೆಯೋಣ. ಬಿಟ್ಟುಹೋದ ಮನೆ ಯಾವುದು ಅಂತ ಕೂಡಲೇ ಗೊತ್ತಾಗುತ್ತದೆ.

ಒಂದು ವಿಷಯ ಈಗಲೇ ತಿಳಿಸಬೇಕು. ನಮ್ಮ ಕ್ಲಬ್ ವರ್ಷ ಜೂನ್ 30ಕ್ಕೆ ಮುಗಿಯುತ್ತದೆ. ಜುಲೈ 1ರಿಂದ ಹೊಸ ಅಧ್ಯಕ್ಷರು, ಹೊಸ ಕಾರ್ಯದರ್ಶಿ. ಡೆಂಗಿ ಜೋರಾಗುವುದು ಅದರ ನಂತರವೇ. ಆದ್ದರಿಂದ ಈಗಿನ ಅಧ್ಯಕ್ಷರಿಗೆ ಬರೆಯುವ ಪತ್ರದ ಒಂದು ಪ್ರತಿಯನ್ನು ಮುಂದಿನ ಅಧ್ಯಕ್ಷರಿಗೂ ಕೊಡಿ. ಇಬ್ಬರೂ ಒಪ್ಪಿದರೆ ಕೆಲಸ ಮಧ್ಯದಲ್ಲಿ ನಿಲ್ಲುವುದಿಲ್ಲ. ಹೊಗೆಗೆ ಇಟ್ಟ ಹಣದಲ್ಲಿ ಡ್ರಮ್ಮಿಗೆ ಕಟ್ಟುವ ಬಟ್ಟೆ, ಬ್ರಷ್ಷು, ಟಾರ್ಚು ಕೊಡಿಸಲು ನಾನು ಸಭೆಯಲ್ಲಿ ಕೇಳುತ್ತೇನೆ. ಶಾಲೆಯ ಇಂಟರ್‍ಯಾಕ್ಟ್ ಮಕ್ಕಳೂ ಬರಬಹುದು. ಅದು ರೋಟರಿಯ ಮಕ್ಕಳ ಕ್ಲಬ್, ಅದರಲ್ಲಿ 12ರಿಂದ 18 ವರ್ಷದವರು ಇರುತ್ತಾರೆ. ಅವರು ತಮ್ಮ ಮನೆ, ಅಕ್ಕಪಕ್ಕದ ಮನೆ ನೋಡಲಿ. ಖಾಲಿ ಸೈಟಿಗೆ ಮಾತ್ರ ಮಕ್ಕಳನ್ನು ಕಳಿಸುವುದು ಬೇಡ, ಮಳೆಗಾಲದಲ್ಲಿ ಹಾವು ಇರುತ್ತವೆ.

2ನೇ ಅಡ್ಡರಸ್ತೆ, ಹೊಲಿಗೆ ಕೆಲಸದ ಅಕ್ಕ
ಬಟ್ಟೆ ತಂದುಕೊಟ್ಟರೆ ಸುತ್ತಲೂ ಎಲಾಸ್ಟಿಕ್ ಹಾಕಿ ನಾನು ಹೊಲಿದು ಕೊಡುತ್ತೇನೆ ಅಣ್ಣಾ. ಡ್ರಮ್ಮಿನ ಬಾಯಿಗೆ ಬಿಗಿಯಾಗಿ ಕೂರುತ್ತದೆ, ನೀರು ತೆಗೆದ ಮೇಲೆ ಮತ್ತೆ ಹಾಕಲೂ ಸುಲಭ. ಕೂಲಿ ಬೇಡ, ಎಲಾಸ್ಟಿಕ್ ಖರ್ಚು ಮಾತ್ರ ನೋಡಿಕೊಳ್ಳಿ. ಹಳೆ ನೂಲಿನ ಸೀರೆ ಇದ್ದವರು ನಮ್ಮ ಮನೆಗೆ ತಲುಪಿಸಿ.

ನರ್ಸ್, 3ನೇ ಅಡ್ಡರಸ್ತೆ
ನಮ್ಮ ರಸ್ತೆಯವರಿಗೆ ಒಂದಿಷ್ಟು ಮಾತು. ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯಬೇಡಿ. ಮೊದಲ ಐದು ದಿನದೊಳಗೆ ಎನ್‌ಎಸ್1 ಪರೀಕ್ಷೆ, ಆಮೇಲೆ ಐಜಿಎಂ, ಎರಡೂ ಡೆಂಗಿ ಪತ್ತೆಯ ರಕ್ತಪರೀಕ್ಷೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಐಬುಪ್ರೊಫೆನ್ ಬೇಡವೇ ಬೇಡ, ರಕ್ತಸ್ರಾವ ಆಗಬಹುದು. ಜ್ವರ ಇಳಿಯಿತು ಅಂತ ನಿರಾಳ ಆಗಬೇಡಿ. ಕೆಲವರಿಗೆ ಆಗಲೇ ಅಪಾಯ ಶುರುವಾಗುತ್ತದೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಸರ್ಕಾರಿ ಆಸ್ಪತ್ರೆ ಜಿಮ್ಸ್‌ಗೋ ಹತ್ತಿರದ ಆಸ್ಪತ್ರೆಗೋ ಹೋಗಿ. ಜ್ವರದವರು ಹಗಲೂ ಸೊಳ್ಳೆಪರದೆಯೊಳಗೆ ಮಲಗಬೇಕು. ಅವರನ್ನು ಕಚ್ಚಿದ ಸೊಳ್ಳೆಯೇ ಮುಂದೆ ಪಕ್ಕದ ಮನೆಯವರಿಗೆ ರೋಗ ಹಬ್ಬಿಸುವುದು.

ಕಿರಾಣಿ ಅಂಗಡಿ, ಮುಖ್ಯರಸ್ತೆ
ಸರಿ ಕಾಕಾ, ಒಪ್ಪಿದೆ. ಬ್ರಷ್ಷು ನನ್ನ ಅಂಗಡಿಯಿಂದ ಖರೀದಿ ದರಕ್ಕೇ ಕೊಡುತ್ತೇನೆ. ಆದರೆ ಚರಂಡಿ ಅರ್ಜಿಯೂ ಜೊತೆಗೇ ಹೋಗಲಿ.

ಸಂಘದ ಕಾರ್ಯದರ್ಶಿ
ಖಂಡಿತ, ಎರಡೂ ಒಟ್ಟಿಗೆ ಹೋಗುತ್ತವೆ. ಹಾಗಾದರೆ ನಾಳೆ ಕ್ಲಬ್‌ಗೆ ಪತ್ರ ಕೊಡುತ್ತೇನೆ: ಹೊಗೆ ಬೇಡ, ವಾರಕ್ಕೊಮ್ಮೆ ಜನ ಮತ್ತು ಬಟ್ಟೆ ಬೇಕು, ಇಬ್ಬರು ಅಧ್ಯಕ್ಷರಿಗೂ ಪ್ರತಿ. ಅವರ ಉತ್ತರಕ್ಕೆ ಕಾಯದೆ ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ನಾವೇ ಮೊದಲ ಸುತ್ತು ಶುರು ಮಾಡೋಣ, ಗುಡಿ ಕಟ್ಟೆಯಿಂದ. ಪ್ರತಿ ತಂಡದಲ್ಲಿ ಕನಿಷ್ಠ ಒಬ್ಬ ಹೆಣ್ಣುಮಗಳು ಇರಲಿ. ಬಚ್ಚಲು, ಅಡುಗೆಮನೆ ತನಕ ಹೋಗಬೇಕಾಗುತ್ತದೆ. ನಮ್ಮ ವಾರ್ಡಿನ ಆಶಾ ಅಕ್ಕನವರಿಗೆ ಕಾಕಾ ಹೇಳುತ್ತಾರೆ. 1, 2, 3ನೇ ಅಡ್ಡರಸ್ತೆಗೆ ಹೆಸರು ಬಂದಿವೆ. 4ನೇ ಅಡ್ಡರಸ್ತೆಗೆ ಇನ್ನೂ ಇಬ್ಬರು ಬೇಕು, ಉರ್ದು ಮಾತಾಡುವವರಿದ್ದರೆ ಒಳ್ಳೆಯದು.

4ನೇ ಅಡ್ಡರಸ್ತೆ ನಿವಾಸಿ
ನಾನು ಮತ್ತು ನನ್ನ ಮನೆಯವರು ಬರುತ್ತೇವೆ. ಇಬ್ಬರಿಗೂ ಉರ್ದು ಬರುತ್ತದೆ. ಖಾಲಿ ಸೈಟಿನ ಫೋಟೊ ಇನ್ನು ಅರ್ಧ ಗಂಟೆಯಲ್ಲಿ ಹಾಕುತ್ತೇನೆ.