ಅಕ್ಕಿ, ಮೈದಾ ಇಲ್ಲದೆ ಗರಿಗರಿ ವಡೆ: ಆಹಾರತಜ್ಞೆಯ ಉತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅತ್ತೆಯವರಿಗೆ ಮಧುಮೇಹವಿದೆ. ಒಂಬತ್ತು ವರ್ಷದ ಮಗನಿಗೆ ಸೀಲಿಯಾಕ್ ಕಾಯಿಲೆ ಇರುವುದರಿಂದ ಗೋಧಿ, ಮೈದಾ, ರವೆ ಯಾವುದೂ ಆಗದು. ಇಬ್ಬರಿಗೂ ಮದ್ದೂರು ವಡೆ ಎಂದರೆ ಬಹಳ ಇಷ್ಟ. ಬರೀ ಕಡಲೆಹಿಟ್ಟಿನಲ್ಲಿ ಮಾಡಿ ನೋಡಿದೆ, ಹೊರಗೆ ಕಪ್ಪಾಗಿ ಒಳಗೆ ಮೆತ್ತಗೇ ಉಳಿಯಿತು. ಸಿರಿಧಾನ್ಯದ ಹಿಟ್ಟನ್ನೋ ಸಬ್ಬಕ್ಕಿಯನ್ನೋ ಸೇರಿಸಿದರೆ ಸರಿಹೋಗುವುದೇ?

ಉತ್ತರ: ನಮಸ್ಕಾರ. ಮದ್ದೂರು ವಡೆ ಗರಿಗರಿಯಾಗುವುದೇ ಅಕ್ಕಿಹಿಟ್ಟು, ರವೆ, ಮೈದಾ ಮೂರೂ ಕೂಡಿದಾಗ. ನುಣ್ಣನೆಯ ಕಡಲೆಹಿಟ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಜೊತೆಗೆ ಅದರಲ್ಲಿ ಪ್ರೋಟೀನ್ ಹೆಚ್ಚಿರುವುದರಿಂದ ಬೇಗ ಬಣ್ಣ ತಿರುಗುತ್ತದೆ. ಹೀಗಾಗಿ ಒಳಗಿನ ನೀರು ಆವಿಯಾಗಿ ಹೋಗುವ ಮೊದಲೇ ಹೊರಗೆ ಕಪ್ಪಾಗಿಬಿಡುತ್ತದೆ. ನವಣೆ, ಸಾಮೆಗಳಲ್ಲಿ ಗ್ಲುಟೆನ್ (ಗೋಧಿಯಲ್ಲಿರುವ, ಸೀಲಿಯಾಕ್ ಇರುವವರಿಗೆ ಆಗದ ಪ್ರೋಟೀನ್) ಇಲ್ಲದ ಕಾರಣ ಮಗನಿಗೆ ತೊಂದರೆಯಿಲ್ಲ, ಆದರೆ ಅವೂ ಪಿಷ್ಟವೇ ಹೆಚ್ಚಿರುವ ಏಕದಳ ಧಾನ್ಯಗಳು. ಸಬ್ಬಕ್ಕಿ ಧಾನ್ಯವಲ್ಲದಿದ್ದರೂ ಮರಗೆಣಸಿನಿಂದ ತೆಗೆದ ಪಿಷ್ಟವಾದ್ದರಿಂದ ಅತ್ತೆಯವರಿಗೆ ಅದನ್ನು ನಾನು ಹೇಳಲಾರೆ.

ಮದ್ದೂರು ವಡೆಯ ನಕಲಿಗೆ ಹೆಣಗುವ ಬದಲು ಕಡಲೆಬೇಳೆಯ ಅಂಬೊಡೆ ಮಾಡಿ ಎಂದು ಮನಸಾರೆ ಹೇಳುತ್ತೇನೆ. ನಮ್ಮ ಹಬ್ಬದ ಎಲೆಯ ಮೇಲೆ ಮೊದಲಿನಿಂದಲೂ ಇರುವ ಈ ವಡೆಗೆ ಅಕ್ಕಿಯಾಗಲಿ ಗೋಧಿಯಾಗಲಿ ಬೇಕೇ ಇಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇದ್ದರೆ ಅಷ್ಟೇ ಕಡಲೆಬೇಳೆಯಲ್ಲಿ 21 ಗ್ರಾಂನಷ್ಟಿದೆ. ನಾರಿನಂಶವೂ ಬಹಳ ಹೆಚ್ಚು.

ಬೇಳೆಯನ್ನು ಎರಡು ಗಂಟೆ ಮಾತ್ರ ನೆನೆಸಿ. ರಾತ್ರಿಯಿಡೀ ನೆನೆದ ಬೇಳೆ ನೀರು ಕುಡಿದು ಎಣ್ಣೆಯಲ್ಲಿ ಮೆತ್ತಗಾಗುತ್ತದೆ. ಜರಡಿಯಲ್ಲಿ ಬಸಿದು, ಬಟ್ಟೆಯ ಮೇಲೆ ಹರಡಿ, ಒಂದು ಹಿಡಿ ಬೇಳೆಯನ್ನು ಎತ್ತಿಟ್ಟು, ಉಳಿದದ್ದನ್ನು ಒಂದು ಹನಿ ನೀರೂ ಹಾಕದೆ ತರಿತರಿಯಾಗಿ ರುಬ್ಬಿ. ಎತ್ತಿಟ್ಟ ಬೇಳೆ, ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಶುಂಠಿ, ಕರಿಬೇವು, ಈರುಳ್ಳಿ ಬೆರೆಸಿ. ಉಪ್ಪನ್ನು ಮಾತ್ರ ತಟ್ಟುವ ಹೊತ್ತಿಗೆ ಹಾಕಿ, ಏಕೆಂದರೆ ಮೊದಲೇ ಹಾಕಿದರೆ ಈರುಳ್ಳಿ ನೀರು ಬಿಡುತ್ತದೆ. ಅಂಚು ತೆಳ್ಳಗಿರುವಂತೆ ತಟ್ಟಿ ಮಧ್ಯಮ ಉರಿಯಲ್ಲಿ ಕರಿಯಿರಿ. ಎಣ್ಣೆಯ ಗುಳ್ಳೆಗಳು ಕಡಿಮೆಯಾಗಿ ಸದ್ದು ಇಳಿದರೆ ಒಳಗಿನ ನೀರು ಹೋಗಿದೆ ಎಂದು ತಿಳಿಯಬಹುದು.

ಮಗನ ವಿಷಯದಲ್ಲಿ ದಯವಿಟ್ಟು ಇಂಗಿನ ಡಬ್ಬಿಯನ್ನು ಓದಿ ನೋಡಿ. ಅಂಗಡಿಯ ಪುಡಿ ಇಂಗಿಗೆ ಗೋಧಿಹಿಟ್ಟು ಬೆರೆಸಿರುವುದು ಸಾಮಾನ್ಯ. ಗೋಧಿ ಬೀಸುವ ಗಿರಣಿಯಲ್ಲಿ ಮಾಡಿಸಿದ ಕಡಲೆಹಿಟ್ಟೂ ಅವನಿಗೆ ಬೇಡ. ಪೂರಿ ಕರಿದ ಎಣ್ಣೆಯಲ್ಲಿ ಅವನ ವಡೆಯನ್ನು ಕರಿಯಲೂಬಾರದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಇದನ್ನೇ ಏರ್ ಫ್ರೈಯರ್‌ನಲ್ಲಿ ಮಾಡಿದರೆ ಒಣಕಲಾಗುತ್ತದೆ. ಏನು ಮಾಡಬಹುದು?

ಉತ್ತರ: ಎಣ್ಣೆಯನ್ನು ಪೂರ್ತಿ ಬಿಟ್ಟಿರಬಹುದು. ತಟ್ಟಿದ ವಡೆಯ ಎರಡೂ ಬದಿಗೆ ಎಣ್ಣೆ ಸವರಿ, ಮೊದಲೇ ಕಾಯಿಸಿಕೊಂಡ ಫ್ರೈಯರ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 15 ನಿಮಿಷ ಇಡಿ, ನಡುವೆ ಒಮ್ಮೆ ಮಗುಚಿ. ಕರಿದದ್ದರಷ್ಟು ಗರಿಗರಿ ಬಾರದು, ಆದರೂ ಬಿಸಿಯಾಗಿ ತಿಂದರೆ ಚೆನ್ನಾಗಿಯೇ ಇರುತ್ತದೆ. ಕಾವಲಿಯ ಮೇಲೆ ಎರಡು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದ್ದು ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದೆ. ಮಧುಮೇಹವಿರುವವರು ಎರಡು ವಡೆಯನ್ನು ಮಜ್ಜಿಗೆಯೊಂದಿಗೆ ಸಂಜೆಯ ತಿಂಡಿಯಾಗಿ ತಿನ್ನಲಿ, ಊಟದ ಅನ್ನದ ಜೊತೆಗೆ ಬೇಡ.