ಪ್ರೋಗ್ನೋಸಿಸ್‌ಗೆ ‘ರೋಗನಿದಾನ’ ಸಲ್ಲುತ್ತದೆಯೇ?

ಪ್ರಶ್ನೆ: ಯಕೃತ್ತಿನ ಕ್ಯಾನ್ಸರ್ ಕುರಿತು ರೋಗಿಗಳಿಗಾಗಿ ಕನ್ನಡ ಕೈಪಿಡಿಯೊಂದು ತಯಾರಾಗುತ್ತಿದೆ. ‘ಎಎಫ್‌ಪಿ ಪ್ರೋಗ್ನೋಸ್ಟಿಕ್ ಬಯೋಮಾರ್ಕರ್’ ಎಂಬಲ್ಲಿ ಕರಡಿನಲ್ಲಿ ‘ರೋಗನಿದಾನದ ಜೈವಿಕ ಗುರುತು’ ಎಂದಿದೆ (ಎಎಫ್‌ಪಿ ಎಂದರೆ ಆಲ್ಫಾ-ಫೀಟೊಪ್ರೋಟೀನ್, ರಕ್ತದಲ್ಲಿ ಅಳೆಯುವ ಒಂದು ಪ್ರೋಟೀನು). ಒಪ್ಪಬಹುದೇ? ಪ್ರಿಡಿಕ್ಟಿವ್ ಎಂಬುದಕ್ಕೆ ‘ಮುನ್ಸೂಚಕ’ ಸಾಕೇ?

ಉತ್ತರ: ಒಪ್ಪಬೇಡಿ. ಇಂದಿನ ಕನ್ನಡದಲ್ಲಿ ರೋಗನಿದಾನವೆಂದರೆ ಯಾವ ರೋಗವೆಂದು ಪತ್ತೆಹಚ್ಚುವುದು, ಅಂದರೆ ಡಯಾಗ್ನೋಸಿಸ್. (ಆಯುರ್ವೇದದಲ್ಲಿ ನಿದಾನಕ್ಕೆ ರೋಗದ ಕಾರಣ ಎಂಬ ಅರ್ಥವೂ ಉಂಟು. ಕರಡಿನಲ್ಲಿ ‘ನಿಧಾನ’ ಎಂದು ಮಹಾಪ್ರಾಣ ನುಸುಳಿದೆಯೇ ನೋಡಿ, ಆ ತಪ್ಪು ಬಹಳ ಕಡೆ ಕಾಣುತ್ತದೆ.) ಪ್ರೋಗ್ನೋಸಿಸ್ ಎಂದರೆ ಪತ್ತೆಯಾದ ರೋಗ ಮುಂದೆ ಯಾವ ದಾರಿ ಹಿಡಿಯಬಹುದು ಎಂಬ ಅಂದಾಜು. ಆಯುರ್ವೇದದ ‘ಸಾಧ್ಯಾಸಾಧ್ಯತೆ’ ಇದಕ್ಕೆ ತೀರ ಹತ್ತಿರದ ಪದವೇ. ಆದರೂ ‘ಅಸಾಧ್ಯ’ ಎಂಬ ಮಾತು ರೋಗಿಯ ಕೈಗೆ ಹೋಗುವ ಪುಸ್ತಕದಲ್ಲಿ ಬೇಡ. ‘ರೋಗದ ಮುನ್ನೋಟ’ ಎನ್ನಿ.

ಪ್ರಿಡಿಕ್ಟಿವ್ ಎಂಬುದು ಕೇಳುವುದು ಇನ್ನೊಂದನ್ನು: ಈ ಮದ್ದು ಈ ರೋಗಿಗೆ ಫಲಿಸೀತೇ? ಇದಕ್ಕೆ ‘ಫಲಸೂಚಕ’ ಹೊಂದುತ್ತದೆ. ಎರಡಕ್ಕೂ ‘ಮುನ್ಸೂಚಕ’ ಎಂದರೆ ಎಎಫ್‌ಪಿ ವಿಷಯದಲ್ಲಿ ಅರ್ಥವೇ ಬುಡಮೇಲಾಗುತ್ತದೆ. ಎಎಫ್‌ಪಿ ತುಂಬ ಏರಿದ್ದರೆ ಸಾಮಾನ್ಯವಾಗಿ ಮುನ್ನೋಟ ಕೆಟ್ಟದ್ದು, ಶಸ್ತ್ರಚಿಕಿತ್ಸೆಯ ಬಳಿಕ ಗೆಡ್ಡೆ ಮರುಕಳಿಸುವ ಸಂಭವವೂ ಹೆಚ್ಚು. ಆದರೆ 2019ರಲ್ಲಿ ಪ್ರಕಟವಾದ ರೀಚ್-2 ಪ್ರಯೋಗದಲ್ಲಿ, ಮೊದಲು ಸೊರಾಫೆನಿಬ್ ಎಂಬ ಕ್ಯಾನ್ಸರ್ ಮದ್ದು ಪಡೆದಿದ್ದು, ಎಎಫ್‌ಪಿ ಮಿಲಿಲೀಟರಿಗೆ 400 ನ್ಯಾನೊಗ್ರಾಂ ಅಥವಾ ಅದಕ್ಕೂ ಮೇಲಿದ್ದವರಿಗೇ ರಾಮುಸಿರುಮಾಬ್ ಎಂಬ ಇನ್ನೊಂದು ಮದ್ದು ಕೊಟ್ಟು ನೋಡಿದರು, ಆಯಸ್ಸು ಹೆಚ್ಚಿತು. ಅದೇ ಅಂಕಿ, ಒಂದೆಡೆ ಕೆಟ್ಟ ಸುದ್ದಿ, ಇನ್ನೊಂದೆಡೆ ಮದ್ದಿನ ಬಾಗಿಲು.

ಮಾರ್ಕರ್‌ಗೆ ‘ಗುರುತು’ ಎನ್ನುವುದಕ್ಕಿಂತ ‘ಸೂಚಕ’ ಲೇಸು. ಗುರುತು ಸಿಕ್ಕಿತೆಂದರೆ ಖಚಿತವಾಯಿತೆಂದು ಓದುಗ ತಿಳಿಯುತ್ತಾನೆ. ಎಎಫ್‌ಪಿ ಬಸುರಿಯರಲ್ಲಿ ಏರುತ್ತದೆ, ಹೆಪಟೈಟಿಸ್ ಉಲ್ಬಣಿಸಿದಾಗಲೂ ಏರುತ್ತದೆ; ಕ್ಯಾನ್ಸರ್ ಇದ್ದೂ ಏರದಿರುವುದುಂಟು. ಪಿವ್ಕಾ-2 ಎಂಬ ಇನ್ನೊಂದು ಸೂಚಕ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ, ವಿಟಮಿನ್ ಕೆ ಕೊರತೆಯಲ್ಲಿ, ಗೆಡ್ಡೆಯಿಲ್ಲದೆಯೂ ಮೇಲೇರುತ್ತದೆ. ಈ ಎಚ್ಚರಿಕೆ ಪದದ ಪಕ್ಕದಲ್ಲೇ ಇರಲಿ.

‘ಎಎಫ್‌ಪಿ-ಎಲ್3’ಯನ್ನು ಅನುವಾದಿಸದೆ ಹಾಗೇ ಬಿಡಿ. ಆ ‘ಎಲ್’ ಬಂದದ್ದು ನಮ್ಮ ಚನ್ನಂಗಿ ಬೇಳೆಯ ಸಸ್ಯನಾಮವಾದ ಲೆನ್ಸ್ ಕ್ಯುಲಿನಾರಿಸ್‌ನಿಂದ. ಆ ಬೇಳೆಯ ಲೆಕ್ಟಿನ್ ಎಂಬ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವ ಎಎಫ್‌ಪಿ ಭಾಗವೇ ಎಲ್3. ಫಲಿತಾಂಶವನ್ನು ಒಟ್ಟು ಎಎಫ್‌ಪಿಯಲ್ಲಿ ಶೇಕಡಾ ಎಷ್ಟು ಎಂದು ಕೊಡುತ್ತಾರೆ, ಆದ್ದರಿಂದ ಅದರ ಮುಂದೆ ನ್ಯಾನೊಗ್ರಾಂ ಬರೆಯಬಾರದು.